ನಾಲ್ಕು ಪೌಂಡಿನ ಸಮಾನತೆ

ಫುಟ್‌ಬಾಲ್ ಮೈದಾನದಲ್ಲಿ ಎರಡೂ ತಂಡಗಳಿಗೆ ಹನ್ನೊಂದೇ ಆಟಗಾರರು, ಒಂದೇ ಚೆಂಡು, ಒಂದೇ ಅಳತೆಯ ಗೋಲು. ಆದರೆ ಒಂದು ತಂಡದ ತಿಜೋರಿ ತುಂಬಿದ್ದು ಇನ್ನೊಂದರದು ಬರಿದಾಗಿದ್ದರೆ, ಅದನ್ನು ಸಮಬಲದ ಪಂದ್ಯ ಎನ್ನಬಹುದೇ? ಈ ಪ್ರಶ್ನೆಗೆ ಇಂಗ್ಲೆಂಡಿನ ಫುಟ್‌ಬಾಲ್ ಕಂಡುಕೊಂಡ ಉತ್ತರವೇನು, ಆ ಉತ್ತರಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಇಲ್ಲಿ ನೋಡೋಣ.

ಹಣ ಪಡೆದು ಆಡುವುದಕ್ಕೆ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿಗೆ ನೀಡಿದ್ದು 1885ರಲ್ಲಿ. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ದೊಡ್ಡ ಊರಿನ ಕ್ಲಬ್ಬಿಗೆ ಪ್ರೇಕ್ಷಕರು ಹೆಚ್ಚು. ಆದ್ದರಿಂದ ಟಿಕೆಟ್ಟಿನ ಹಣವೂ ಹೆಚ್ಚು. ಒಳ್ಳೆಯ ಆಟಗಾರರೆಲ್ಲ ಹಣವಂತ ಕ್ಲಬ್ಬುಗಳ ಪಾಲಾದರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಾಗಿಬಿಡುತ್ತದೆ. ಅಂಥ ಪಂದ್ಯಕ್ಕೆ ಯಾರು ಬರುತ್ತಾರೆ? ಪಕ್ಕದ ಅಂಗಡಿ ಮುಚ್ಚಿದರೆ ವ್ಯಾಪಾರಿಗೆ ಲಾಭವಾಗಬಹುದು. ಕ್ರೀಡೆಯಲ್ಲಿ ಹಾಗಲ್ಲ, ಎದುರಾಳಿ ಉಳಿಯದಿದ್ದರೆ ಆಟವೇ ಇಲ್ಲ.

ಈ ಕಾರಣವನ್ನು ಮುಂದಿಟ್ಟು ಎರಡು ನಿಯಮಗಳನ್ನು ಸಮರ್ಥಿಸಲಾಯಿತು. ಮೊದಲನೆಯದು 1893ರಲ್ಲಿ ಬಂದಿತು. ಕರಾರಿನ ಅವಧಿ ಮುಗಿದರೂ ಕ್ಲಬ್ಬು ಬಿಟ್ಟುಕೊಡದ ಹೊರತು ಆಟಗಾರ ಲೀಗಿನ ಬೇರೊಂದು ಕ್ಲಬ್ಬಿಗೆ ಆಡುವಂತಿರಲಿಲ್ಲ. ಎರಡನೆಯದು 1901ರಲ್ಲಿ ಜಾರಿಯಾಯಿತು. ಎಂಥ ನಿಪುಣನಾದರೂ ಅವನ ಸಂಬಳ ವಾರಕ್ಕೆ 4 ಪೌಂಡನ್ನು ಮೀರಬಾರದು.

ಇದರಿಂದ ಸಮಾನತೆ ಬಂದಿತೇ? 1905ರಲ್ಲಿ ನಡೆದ ಒಂದು ಘಟನೆಯನ್ನು ಗಮನಿಸಿ. ಆ ವರ್ಷ ಮಿಡಲ್ಸ್‌ಬರೊ ಕ್ಲಬ್ಬು ಆಲ್ಫ್ ಕಾಮನ್ ಎಂಬ ಆಟಗಾರನನ್ನು ಸಂಡರ್‌ಲ್ಯಾಂಡ್‌ನಿಂದ 1,000 ಪೌಂಡು ಕೊಟ್ಟು ಕೊಂಡಿತು. ವಾರಕ್ಕೆ 4 ಪೌಂಡಿನ ಲೆಕ್ಕದಲ್ಲಿ ಅದು ಒಬ್ಬ ಆಟಗಾರನ ಸುಮಾರು ಐದು ವರ್ಷಗಳ ಸಂಬಳ. ಆ ಹಣ ಹೋದದ್ದು ಒಂದು ಕ್ಲಬ್ಬಿನಿಂದ ಇನ್ನೊಂದು ಕ್ಲಬ್ಬಿಗೆ. ಆಟಗಾರನ ಸಂಬಳಕ್ಕೆ ಮಿತಿ ಇತ್ತು. ಅವನನ್ನು ಕೊಳ್ಳುವವರ ಹಣಬಲಕ್ಕೆ ಮಿತಿ ಇರಲಿಲ್ಲ. ಜೊತೆಗೆ ಗುಟ್ಟಿನ ಪಾವತಿಗಳೂ ಬೆಳೆದವು. ಇಂಥ ಪಾವತಿಗಳಿಗಾಗಿ 1906ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಹದಿನೇಳು ಆಟಗಾರರು ಅಮಾನತುಗೊಂಡರು.

1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರ ಸಂಘವೊಂದು ಹುಟ್ಟಿತು. ಪ್ರಸಿದ್ಧ ಆಟಗಾರ ಬಿಲ್ಲಿ ಮೆರಡಿತ್ ಅದರ ಮುಂದಾಳುಗಳಲ್ಲಿ ಒಬ್ಬರು. ಆದರೆ ಬದಲಾವಣೆಗೆ ಅರ್ಧ ಶತಮಾನವೇ ಬೇಕಾಯಿತು. 1960ರ ಹೊತ್ತಿಗೂ ಗರಿಷ್ಠ ಸಂಬಳ ವಾರಕ್ಕೆ 20 ಪೌಂಡು ಮಾತ್ರ. ಸಂಘದ ಅಧ್ಯಕ್ಷ ಜಿಮ್ಮಿ ಹಿಲ್ ಅವರ ನಾಯಕತ್ವದಲ್ಲಿ ಆಟಗಾರರು ಮುಷ್ಕರಕ್ಕೆ ಸಿದ್ಧರಾದಾಗ, 1961ರ ಜನವರಿಯಲ್ಲಿ ಈ ಮಿತಿ ರದ್ದಾಯಿತು. ಕ್ಲಬ್ಬು ಬದಲಿಸಲು ಬಿಡದ ನ್ಯೂಕ್ಯಾಸಲ್ ಯುನೈಟೆಡ್ ವಿರುದ್ಧ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ಮೊಕದ್ದಮೆಯಲ್ಲಿ, 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು ಆಟಗಾರರನ್ನು ಹೀಗೆ ಹಿಡಿದಿಡುವ ಪದ್ಧತಿ ನ್ಯಾಯಸಮ್ಮತವಲ್ಲವೆಂದು ತೀರ್ಪಿತ್ತರು.

ಸಂಬಳದ ಮಿತಿ ಹೋದರೆ ಸಣ್ಣ ಕ್ಲಬ್ಬುಗಳು ಮೂಲೆಗುಂಪಾಗುತ್ತವೆ ಎಂಬ ಭಯ ಎಲ್ಲೆಡೆ ಇತ್ತು. ಆದರೆ ಮರು ಋತುವಿನಲ್ಲೇ, ಅಂದರೆ 1962ರಲ್ಲಿ, ಆಗಷ್ಟೇ ಮೊದಲ ದರ್ಜೆಗೆ ಏರಿದ್ದ ಇಪ್ಸ್‌ವಿಚ್ ಟೌನ್ ಲೀಗನ್ನು ಗೆದ್ದಿತು. 1978ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೂಡ ಹಾಗೆಯೇ ಗೆದ್ದಿತು. ಇದಕ್ಕೆ ಸಮರ್ಥ ತರಬೇತುದಾರರೇ ಮುಖ್ಯ ಕಾರಣವಿರಬಹುದು. ಆದರೂ ಆ ದಿನಗಳಲ್ಲಿ ಇನ್ನೊಂದು ಏರ್ಪಾಡು ಇನ್ನೂ ಉಳಿದಿತ್ತೆಂಬುದನ್ನು ಮರೆಯಬಾರದು. ಲೀಗ್ ಪಂದ್ಯದ ಟಿಕೆಟ್ ವಸೂಲಿಯಲ್ಲಿ ಐದನೆಯ ಒಂದು ಭಾಗ ಅತಿಥಿ ತಂಡಕ್ಕೆ ಸಲ್ಲುತ್ತಿತ್ತು. ದೊಡ್ಡ ಕ್ಲಬ್ಬುಗಳ ಒತ್ತಾಯದಿಂದ 1983ರಲ್ಲಿ ಅದೂ ನಿಂತಿತು. 1992ರಲ್ಲಿ ಮೊದಲ ದರ್ಜೆಯ ಕ್ಲಬ್ಬುಗಳು ಪ್ರೀಮಿಯರ್ ಲೀಗ್ ಎಂದು ಬೇರೆಯಾದವು. ಟೆಲಿವಿಷನ್ ಹಣದ ಹೊಳೆ ಹೆಚ್ಚಾಗಿ ಅವುಗಳತ್ತಲೇ ಹರಿಯಿತು. ಮೇಲಕ್ಕೆ ಏರಿದ ಋತುವಿನಲ್ಲೇ ಪ್ರಶಸ್ತಿ ಗೆಲ್ಲುವುದು 1978ರ ನಂತರ 2025ರವರೆಗೂ ಯಾವ ಕ್ಲಬ್ಬಿಗೂ ಸಾಧ್ಯವಾಗಲಿಲ್ಲ.

ಮುಂದೆ ಮಿತಿಯ ಚಿಂತನೆ ಬೇರೆ ರೂಪದಲ್ಲಿ ಮರಳಿತು. ಈ ಬಾರಿ ಅದು ಬಂದದ್ದು ಆಟಗಾರನ ಸಂಬಳಕ್ಕಲ್ಲ, ಕ್ಲಬ್ಬು ಅನುಭವಿಸಬಹುದಾದ ನಷ್ಟಕ್ಕೆ. ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಬಾರದೆಂಬ ನಿಯಮವನ್ನು ಮೀರಿದ ಎವರ್ಟನ್ ಕ್ಲಬ್ಬಿಗೆ 2023ರ ನವೆಂಬರಿನಲ್ಲಿ 10 ಅಂಕಗಳು ಕಡಿತವಾದವು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಇಂಥ ನಿಯಮ ಕ್ಲಬ್ಬು ಸಾಲದಲ್ಲಿ ಮುಳುಗದಂತೆ ತಡೆಯುತ್ತದೆ, ನಿಜ. ಆದರೆ ಹೆಚ್ಚು ಆದಾಯವಿರುವ ಕ್ಲಬ್ಬು ಹೆಚ್ಚು ಖರ್ಚು ಮಾಡುವುದಕ್ಕೆ ಅದು ಅಡ್ಡಿಯಲ್ಲ. ಇದ್ದವರು ಇದ್ದಲ್ಲೇ ಇರುತ್ತಾರೆ.

ಸಮಾನತೆಗೆ ಎರಡು ದಾರಿಗಳಿವೆ ಎಂಬುದನ್ನು ಈ ಇತಿಹಾಸ ಹೇಳುತ್ತದೆ. ಒಂದು, ದುಡಿಯುವವನ ಕೂಲಿಗೆ ಕಡಿವಾಣ ಹಾಕುವುದು. ಇನ್ನೊಂದು, ಆಟದಿಂದ ಬಂದ ಆದಾಯವನ್ನು ಹಂಚಿಕೊಳ್ಳುವುದು. ಮೊದಲನೆಯದು ಕ್ಲಬ್ಬುಗಳಿಗೆ ಸುಲಭ, ಏಕೆಂದರೆ ಅದರ ಬೆಲೆ ತೆರುವವರು ಬೇರೆಯವರು. ಎರಡನೆಯದು ಕಷ್ಟ, ಏಕೆಂದರೆ ಅಲ್ಲಿ ಬಲಶಾಲಿಯೇ ತನ್ನ ಜೇಬಿಗೆ ಕೈ ಹಾಕಬೇಕು.

ನಮ್ಮ ಐಪಿಎಲ್ ಕ್ರಿಕೆಟ್ಟಿನಲ್ಲೂ 2008ರ ಮೊದಲ ಹರಾಜಿನಿಂದಲೇ ತಂಡಗಳ ಖರ್ಚಿಗೆ ಮಿತಿ ಇದೆ. ಮುಂದಿನ ಹರಾಜನ್ನು ನೋಡುವಾಗ, ಯಾರು ಎಷ್ಟಕ್ಕೆ ಮಾರಾಟವಾದರು ಎಂದಷ್ಟೇ ಲೆಕ್ಕ ಹಾಕಬೇಡಿ. ಈ ಸಮಾನತೆಯ ಖರ್ಚು ಯಾರ ಜೇಬಿನಿಂದ ಬರುತ್ತಿದೆ ಎಂದೂ ಕೇಳಿ ನೋಡಿ.