ದೂರದ ನೀರು, ಕಣ್ಣಿಗೆ ಕಾಣದ ಜೀವಿ

ಕಣ್ಣಿಗೆ ಕಾಣದ ಜೀವಿ ಮನೆ ಹಾಳು ಮಾಡುತ್ತೆ ಅಂತ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಯಾರೂ ಪಾಠ ಮಾಡಬೇಕಿಲ್ಲ. ಗಂಟು ರೋಗ ಬಂದರೆ ಬೆಳೆ ಕೈಬಿಟ್ಟ ಹಾಗೇ. ಅದಕ್ಕೇ ಮೊಟ್ಟೆ ತಯಾರಿಸುವಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿಕೊಟ್ಟ ದಾರಿ ಅದು. ಭಯದಿಂದ ಅಲ್ಲ, ತಪಾಸಣೆಯಿಂದ ಗೆದ್ದ ಯುದ್ಧ.

ಈಗ ಇನ್ನೊಂದು ಜೀವಿಯ ಕಥೆ ಕೇಳಿ. ಅಮೀಬಾ ಅಂದ ತಕ್ಷಣ ನಮಗೆ ನೆನಪಾಗೋದು ಆಮಶಂಕೆ. ಆ ಅಮೀಬಾ ನಮ್ಮ ಹೊಟ್ಟೆಯಲ್ಲೇ ಬದುಕಬೇಕು. ಆದರೆ ಯಾರ ಹಂಗೂ ಇಲ್ಲದೆ ಮಣ್ಣಲ್ಲಿ, ಕೆರೆಯಲ್ಲಿ, ಬಾವಿಯಲ್ಲಿ ಸ್ವತಂತ್ರವಾಗಿ ಬದುಕುವ ಅಮೀಬಾಗಳೂ ಇವೆ. ಅವು ಬ್ಯಾಕ್ಟೀರಿಯಾ ತಿನ್ನುತ್ತವೆ. ತಿಂದು ಬಿಟ್ಟ ಸಾರಜನಕ ಗಿಡದ ಬೇರಿಗೆ ಸಿಗುತ್ತೆ. ಚಿಂತಾಮಣಿಯ ಟೊಮೆಟೊ ತೋಟದ ಮಣ್ಣಿನಲ್ಲೂ ಇದೇ ಕೆಲಸ ನಡೀತಾ ಇರುತ್ತೆ. ಅಂದ್ರೆ ಇವು ರೈತನ ಕೂಲಿಯಾಳುಗಳು, ಸಂಬಳ ಕೇಳದ ಕೂಲಿಯಾಳುಗಳು!

ಹಾಗಾದರೆ ಕೊಲೆಗಾರ ಆಗಿದ್ದು ಯಾವಾಗ? ಇಲ್ಲಿದೆ ನೋಡಿ ಇತಿಹಾಸ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಪೋರ್ಟ್ ಆಗಸ್ಟಾ ಅಂತ ಒಂದು ಊರು. ಒಣ ಪ್ರದೇಶ, ನಮ್ಮ ಹಾಗೇ. ಮರ್ರೆ ನದಿಯಿಂದ ನೂರಾರು ಕಿಲೋಮೀಟರ್ ದೂರಕ್ಕೆ ಪೈಪಿನಲ್ಲಿ ನೀರು ತಂದರು. 1944ರಲ್ಲಿ ಮುಗಿದ ಆ ಪೈಪು ನೆಲದ ಮೇಲೇ ಹಾದುಹೋಗಿತ್ತು. ಬಿಸಿಲಿಗೆ ಪೈಪು ಕಾಯ್ತು, ಒಳಗಿನ ನೀರು ಕಾಯ್ತು, ಕ್ಲೋರಿನ್ ದಾರಿಯಲ್ಲೇ ಕರಗಿತು. 1960ರ ದಶಕದಲ್ಲಿ ಆ ಭಾಗದ ಆರೋಗ್ಯವಂತ ಮಕ್ಕಳು ಜ್ವರ, ತಲೆನೋವು ಅಂತ ಮಲಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಡಿಲೇಡ್‌ನ ಮಾಲ್ಕಮ್ ಫೌಲರ್ ಮತ್ತು ರಾಡ್ನಿ ಕಾರ್ಟರ್ 1965ರಲ್ಲಿ ಜಗತ್ತಿಗೆ ಕಾರಣ ಹೇಳಿದರು: ಮೆದುಳಿನಲ್ಲಿ ಅಮೀಬಾ. 1970ರಲ್ಲಿ ಅದಕ್ಕೆ ಫೌಲರ್ ಹೆಸರಿನಲ್ಲೇ ‘ನೇಗ್ಲೇರಿಯಾ ಫೌಲೆರಿ’ ಅಂತ ನಾಮಕರಣ ಆಯ್ತು.

ಗಮನಿಸಿ, ಇದು ನೀರು ಕುಡಿದರೆ ಬರುವ ರೋಗ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಬೆಚ್ಚಗಿನ ನೀರು ಮೂಗಿಗೆ ಏರಬೇಕು. ವಾಸನೆ ತಿಳಿಸುವ ನರದ ಗುಂಟ ಅದು ಮೆದುಳು ಸೇರುತ್ತೆ. ತೀರಾ ಅಪರೂಪದ ಕಾಯಿಲೆ. ಆದರೆ ಬಂದರೆ? ಅಮೆರಿಕದಲ್ಲಿ 1962ರಿಂದ 2023ರವರೆಗೆ 164 ಮಂದಿಗೆ ಬಂತು, ಬದುಕಿದ್ದು ನಾಲ್ವರು.

ಇದು ಪರದೇಶದ ಕಥೆ ಅಂತ ಪಕ್ಕಕ್ಕಿಡಬೇಡಿ. 2005ರಲ್ಲೇ ಮಣಿಪಾಲದ ವೈದ್ಯರು ಇದೇ ಅಮೀಬಾಗೆ ಬಲಿಯಾದ ಹಸುಗೂಸಿನ ವರದಿ ಪ್ರಕಟಿಸಿದ್ದಾರೆ. 2025ರಲ್ಲಿ ಕೇರಳ ತತ್ತರಿಸಿತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅಮೀಬಾದಿಂದ ಬರುವ ಮೆದುಳು ಜ್ವರದ 69 ಪ್ರಕರಣ, 19 ಸಾವು. ಅಲ್ಲಿನ ಸರ್ಕಾರ ಬಾವಿ ಬಾವಿಗೂ ಕ್ಲೋರಿನ್ ಹಾಕಿಸಿತು. ನವೆಂಬರ್‌ನಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಶಬರಿಮಲೆಗೆ ಹೊರಟ ಮಾಲಾಧಾರಿಗಳಿಗೆ ಎಚ್ಚರಿಕೆ ಕೊಟ್ಟಿತು: ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ, ಆಮೇಲೆ ಜ್ವರ, ವಿಪರೀತ ತಲೆನೋವು, ವಾಂತಿ, ಕತ್ತು ಬಿಗಿತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೇಗ ಗುರುತಿಸಿದರೆ ಬದುಕಿಸಬಹುದು. 2024ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ 14 ವರ್ಷದ ಹುಡುಗನೊಬ್ಬ ಬದುಕಿ ಮನೆಗೆ ಹೋದ.

ಈಗ ನಮ್ಮ ಚಿಕ್ಕಬಳ್ಳಾಪುರಕ್ಕೆ ಬರೋಣ. ನಂದಿಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನಲ್ಲೇ ವರ್ಷದ ಬಹುಕಾಲ ಬರಿದು. ವರ್ಷವಿಡೀ ಹರಿಯುವ ನದಿ ಇಲ್ಲದ ನಾಡಿದು. ಕೆರೆ ಒಣಗಿತು, ಕೊಳವೆ ಬಾವಿ ಸಾವಿರ ಅಡಿ ದಾಟಿತು. ಕೊನೆಗೆ ನಾವೂ ದೂರದಿಂದ ನೀರು ತಂದೆವು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ: ದಿನಕ್ಕೆ 21 ಕೋಟಿ ಲೀಟರ್, 65 ಕೆರೆ ತುಂಬಿಸುವ ಗುರಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕಂದವಾರ ಕೆರೆಗೂ ಬಿಟ್ಟರು. ಅಂತರ್ಜಲ ಏರಿಸೋದಕ್ಕೆ ಬಿಟ್ಟ ನೀರದು, ಕುಡಿಯೋದಕ್ಕಲ್ಲ, ಮಕ್ಕಳು ಈಜೋದಕ್ಕಂತೂ ಅಲ್ಲವೇ ಅಲ್ಲ. ಮೂರನೇ ಹಂತದ ಸಂಸ್ಕರಣೆ ಆಗಲಿ ಅಂತ ಇಲ್ಲಿನ ಜನ ಕೇಳ್ತಿರೋದು ನ್ಯಾಯವಾಗೇ ಇದೆ.

ನನ್ನ ಮಾತು ಇಷ್ಟೇ. ಅಮೀಬಾ ನಮ್ಮ ಮೇಲೆ ದಂಡೆತ್ತಿ ಬಂದಿಲ್ಲ, ಅದು ಇದ್ದಲ್ಲೇ ಇದೆ. ನೀರನ್ನು ದೂರ ಸಾಗಿಸಿ, ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಪರೀಕ್ಷೆ ಮಾಡೋದನ್ನು ಮರೆತಾಗ ನಾವೇ ಅದಕ್ಕೆ ಬಾಗಿಲು ತೆರೆಯುತ್ತೇವೆ. ನಮ್ಮ ಮಾನದಂಡದ ಪ್ರಕಾರ ನಲ್ಲಿ ನೀರಿನಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಾಠ ಕಲಿತ ಆಸ್ಟ್ರೇಲಿಯಾ ಈ ಅಮೀಬಾಗೆಂದೇ 0.5ರ ಗೆರೆ ಎಳೆದಿದೆ.

ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ನೀರು, ಎಲ್ಲಕ್ಕೂ ಊರಿಗೆ ಅವನೇ ಜವಾಬ್ದಾರ. ಇವತ್ತು ಓವರ್‌ಹೆಡ್ ಟ್ಯಾಂಕ್ ಇದೆ, ವಾಟರ್‌ಮನ್ ಇದ್ದಾರೆ. ಟ್ಯಾಂಕ್ ತೊಳೆದದ್ದು ಯಾವಾಗ, ಇವತ್ತು ಕ್ಲೋರಿನ್ ಎಷ್ಟಿದೆ, ಈಜುಕೊಳದ ಪರೀಕ್ಷೆ ಮಾಡಿದ್ದು ಯಾರು? ಇದನ್ನು ನಗರಸಭೆಗೆ ಕೇಳಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹುಳುವಿನ ಮೊಟ್ಟೆಗೆ ಸೂಕ್ಷ್ಮದರ್ಶಕ ಹಿಡಿಯುವ ಜಿಲ್ಲೆ, ಮಕ್ಕಳ ನೀರಿಗೂ ಹಿಡೀಬೇಕು ತಾನೇ?