ಐದು ಗುಂಟೆಗೆ ಎಷ್ಟು? ಕರಾವಳಿಯ ಜಾಗಕ್ಕೆ ಬೆಲೆ ಬಂದ ಕಥೆ

ಇವತ್ತು ಒಂದು ಸಣ್ಣ ಪ್ರಶ್ನೆ ಇಟ್ಕೊಂಡು ಇತಿಹಾಸಕ್ಕೆ ಹೋಗೋಣ. ಕಳೆದ ಬೇಸಿಗೆಯಲ್ಲಿ ನಮ್ಮ ಅಕ್ಕ-ಭಾವ ಹೊನ್ನಾವರ ಪೇಟೆಯ ಹೊರಗೆ ಮನೆ ಕಟ್ಟೋಕೆ ಅಂತ ಐದು ಗುಂಟೆ ಜಾಗ ನೋಡಿದ್ರು. ಹಾಕೋ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ಅಪ್ಪನ ರಿಟೈರ್‌ಮೆಂಟ್ ಹಣ. ಬ್ರೋಕರ್ ಹೇಳಿದ್ದು ಒಂದೇ ಮಾತು: "ಹೈವೇಗೆ ಎರಡೇ ನಿಮಿಷ, ಇನ್ನೊಂದು ವರ್ಷಕ್ಕೆ ಈ ರೇಟಿಗೆ ಸಿಗೂದಿಲ್ಲ." ಅಕ್ಕ ನನ್ನ ಕೇಳಿದಳು, "ನೀನು ಹಿಸ್ಟರಿ ಓದಿದವ್ನಲ್ವಾ, ಈ ಜಾಗಕ್ಕೆ ಇಷ್ಟು ಬೆಲೆ ಯಾಕೆ ಅಂತ ಹೇಳು ನೋಡ್ವ."

ಮೊದಲು ಈ 'ಗುಂಟೆ'ಯನ್ನೇ ನೋಡಿ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಜಾಗ ಅಳೆಯೋದು ಗುಂಟೆಯಲ್ಲಿ. ಭಟ್ಕಳ ದಾಟಿ ಬೈಂದೂರಿಗೆ ಹೋಗಿ, ಅಲ್ಲಿ ಮಾತು ಸೆಂಟ್ಸ್‌ನಲ್ಲಿ. ಒಂದು ಗುಂಟೆ ಅಂದ್ರೆ 1,089 ಚದರ ಅಡಿ, ಅಂದ್ರೆ ಎರಡೂವರೆ ಸೆಂಟ್ಸ್. ಅದೇ ಮಳೆ, ಅದೇ ಸಮುದ್ರ, ಅಳತೆ ಮಾತ್ರ ಬೇರೆ. ಯಾಕೆ? 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದರು. ಕುಂದಾಪುರದ ಕಡೆ ಮದ್ರಾಸಿನಲ್ಲೇ ಉಳಿಯಿತು. ಆ ಗೆರೆ ನಕ್ಷೆಯಿಂದ ಹೋಗಿ ದಶಕಗಳಾದವು, ನಮ್ಮ ಬಾಯಿಂದ ಹೋಗಿಲ್ಲ.

ಜಾಗಕ್ಕೆ ದರ ಕಟ್ಟೋದು ಬ್ರಿಟಿಷರು ತಂದ ಪದ್ಧತಿಯೇನೂ ಅಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ 'ಶಿಸ್ತು' ಇತ್ತು. ಮಣ್ಣು ಎಂಥದ್ದು, ಬೆಳೆ ಎಷ್ಟು ಬರುತ್ತೆ ಅಂತ ನೋಡಿ ಭೂಮಿಯನ್ನ ದರ್ಜೆ ಮಾಡಿ ಕಂದಾಯ ನಿಗದಿ ಮಾಡೋದು. ಟಿಪ್ಪು ಸತ್ತ ಮೇಲೆ, 1799ರಲ್ಲಿ, ಕೆನರಾಕ್ಕೆ ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಇಲ್ಲಿ ಭೂಮಿ ಖಾಸಗಿ ಸ್ವತ್ತು, ಜನ ಅದನ್ನ ಮಾರ್ತಾರೆ, ಅಡವಿಡ್ತಾರೆ ಅಂತ ಅವನು 1800ರಲ್ಲಿ ಮೇಲಿನವರಿಗೆ ಬರೆದ. ಅಂದ್ರೆ ಇನ್ನೂರು ವರ್ಷದ ಹಿಂದೆಯೇ ಇಲ್ಲಿ ಜಾಗದ ವ್ಯಾಪಾರ ಇತ್ತು. ಆದರೆ ಆಗಿನ ಬೆಲೆ ಅಂದ್ರೆ ಭತ್ತದ ಬೆಲೆ, ತೆಂಗಿನ ಬೆಲೆ.

ಬಾಂಬೆಯವರ ಸರ್ವೆ ಒಂದು ಹೊಸ ಲೆಕ್ಕ ತಂದಿತು. ಮಣ್ಣಿಗೆ ಹದಿನಾರು ಆಣೆಯ ಅಳತೆಯಲ್ಲಿ ಇಷ್ಟಾಣೆ ಅಂತ ದರ್ಜೆ ಕೊಡೋದರ ಜೊತೆಗೆ, ಊರಿಂದ ಸಂತೆ ಎಷ್ಟು ದೂರ, ಗಾಡಿ ದಾರಿ ಇದೆಯಾ ಅನ್ನೋದನ್ನೂ ನೋಡಿ ಹಳ್ಳಿಗಳನ್ನ ಗುಂಪು ಮಾಡಿದರು. 'ಹೈವೇಗೆ ಎರಡು ನಿಮಿಷ' ಅನ್ನೋ ಮಾತಿನ ಅಜ್ಜ ಇದೇ. ಇವತ್ತಿಗೂ ಸರ್ವೆ ಆಫೀಸಿನಲ್ಲಿ ಸಿಗುವ 'ಆಕಾರಬಂದ್' ಆ ಪದ್ಧತಿಯ ಕಾಗದ.

ಆದರೆ ದಾರಿ ಕೊಟ್ಟಿದ್ದನ್ನ ದಾರಿಯೇ ಕಿತ್ತುಕೊಳ್ಳುತ್ತೆ. ಇದಕ್ಕೆ ಕುಮಟಾ ಸಾಕ್ಷಿ. 19ನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರ್ತಿತ್ತು, ಅಲ್ಲಿಂದ ಹಡಗಿನಲ್ಲಿ ಬಾಂಬೆಗೆ. ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ, ಆದರೂ ಮಾರುಕಟ್ಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'! 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹತ್ತಿಗೆ ಚಿನ್ನದ ರೇಟು ಬಂತು. ಆಮೇಲೆ 1888ರ ಹೊತ್ತಿಗೆ ಬಯಲುಸೀಮೆಯ ರೈಲು ಮರ್ಮಗೋವಾ ಬಂದರಿಗೆ ಮುಟ್ಟಿತು. ಹತ್ತಿ ರೈಲು ಹತ್ತಿತು, ಕುಮಟಾ ಬಂದರಿನ ವ್ಯಾಪಾರ ಇಳಿಯಿತು. ಮಣ್ಣು ಅಲ್ಲೇ ಇತ್ತು, ದಾರಿ ಬೇರೆ ಕಡೆ ಹೋಗಿತ್ತು ಅಷ್ಟೇ.

ನೂರು ವರ್ಷ ಕಳೆದು ಅದೇ ರೈಲು ನಮ್ಮ ಕಡೆ ಬಂತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ಲೋಕಾರ್ಪಣೆಯಾಯ್ತು. ಆಮೇಲೆ ಎನ್‌ಎಚ್ 17 ಹೋಗಿ 66 ಆಯ್ತು, ಚತುಷ್ಪಥ ಆಯ್ತು. ಭಟ್ಕಳಕ್ಕೆ ಗಲ್ಫಿನ ದುಡಿಮೆ ಬಂತು. ಗದ್ದೆಗೆ ಮಣ್ಣು ಬಿತ್ತು, ಸೈಟ್ ಎದ್ದಿತು.

ಈಗ ಹಕ್ಕಿನ ಕಥೆ. ಈ ಜಿಲ್ಲೆಯಲ್ಲಿ ಗೇಣಿದಾರರು ತುಂಬಾ ಜನ. ದಿನಕರ ದೇಸಾಯಿಯವರು ಅವರನ್ನ ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಕೊನೆಗೆ ದೇವರಾಜ ಅರಸು ಕಾಲದ ತಿದ್ದುಪಡಿ, 1974ರ ಮಾರ್ಚ್ 1ರಿಂದ ಜಾರಿ. ಗೇಣಿ ಭೂಮಿ ಸರ್ಕಾರದ ವಶಕ್ಕೆ ಹೋಯ್ತು, ಉಳುವವನು ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಆ ಕಾಗದ ಇದ್ರೆ ಒಮ್ಮೆ ತೆಗೆದು ನೋಡಿ. ಅದು ಬರೀ ಕಾಗದ ಅಲ್ಲ, ಒಂದು ಹೋರಾಟದ ಫಲ. ಇಲ್ಲಿನ ಎಷ್ಟೋ ಸೈಟುಗಳ ಬುಡದಲ್ಲಿ ಅಂಥದ್ದೊಂದು ಕಾಗದ ಇದೆ. ಮುಂದೆ 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಬಾಗಿಲು ತೆಗೀತು. ಆದರೂ ಗದ್ದೆಯಲ್ಲಿ ಮನೆ ಕಟ್ಟೋಕೆ ಭೂ ಪರಿವರ್ತನೆ, ನಮ್ಮ ಬಾಯಲ್ಲಿ 'ಎನ್‌ಎ', ಆಗಲೇಬೇಕು. ಜಿಲ್ಲೆಯ ಬಹುಪಾಲು ಅರಣ್ಯ, ಸಮುದ್ರದ ಅಂಚಿಗೆ 1991ರಿಂದ ಸಿಆರ್‌ಝಡ್. ಎನ್‌ಎ ಆದ ಜಾಗ ತುಟ್ಟಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಮನೆಗೆ ಸಿಗುವ ಭೂಮಿಯೇ ಸ್ವಲ್ಪ.

ಇನ್ನೊಂದು ಲೆಕ್ಕ ಶಿಸ್ತಿನಲ್ಲೂ ಇಲ್ಲ, ಸಬ್‌ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರದಲ್ಲೂ ಇಲ್ಲ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಬಂತು. ಗುಡ್ಡ ಕಡಿದು ಮಟ್ಟ ಮಾಡಿದ ಸೈಟು ಬೇಸಿಗೆಯಲ್ಲಿ ಚಂದ ಕಾಣುತ್ತೆ. ಅದರ ನಿಜ ಗೊತ್ತಾಗೋದು ಜುಲೈನಲ್ಲಿ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: ಬ್ರೋಕರ್ ಹೇಳೋ ರೇಟು ಮೇಲಿನ ಪದರ, ನಾವು ಅಡಿಯಿಂದ ಓದ್ವ. ಹಾಗಂತ ಪಹಣಿ, ಹಳೇ ಹಕ್ಕು ಬದಲಾವಣೆ ದಾಖಲೆ, ಎನ್‌ಎ ಆದೇಶ, ಸರ್ವೆ ನಕ್ಷೆ ಎಲ್ಲ ತೆಗೆಸಿದ್ವಿ. ಹಕ್ಕು ಸರಿಯಾಗೇ ಇತ್ತು. ಆದರೆ ಆ 'ಎರಡು ನಿಮಿಷದ' ದಾರಿ ನಕ್ಷೆಯಲ್ಲೇ ಇರಲಿಲ್ಲ! ಅದು ಪಕ್ಕದ ಹಿಸ್ಸಾದವರ ತೋಟದೊಳಗಿನ ಕಾಲುದಾರಿ. ಅವರು ನಾಳೆ ಬೇಲಿ ಹಾಕಿದ್ರೆ ಐದು ಗುಂಟೆ ನಡುಗಡ್ಡೆ.

ಭಾವ ಅಡ್ವಾನ್ಸ್ ಕೊಡಲಿಲ್ಲ. "ದಾರಿ ಹಕ್ಕನ್ನ ಆ ಹಿಸ್ಸಾದವರಿಂದ ರಿಜಿಸ್ಟರ್ ಮಾಡಿಸಿಕೊಡಿ, ಆಮೇಲೆ ಮಾತಾಡ್ವ" ಅಂದ್ರು. ಅದಾಗಲಿಲ್ಲ. ಅಪ್ಪನ ದುಡ್ಡು ಇನ್ನೂ ಬ್ಯಾಂಕಿನಲ್ಲೇ ಇದೆ, ಅಕ್ಕ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾಳೆ. ಈ ಮಳೆಗಾಲದಲ್ಲಿ ಮತ್ತೆ ಜಾಗ ನೋಡೋಕೆ ಹೋಗ್ತೇವೆ, ಕೊಡೆ ಹಿಡ್ಕೊಂಡು.

ನಿಮ್ಮ ಮನೆಯಲ್ಲೂ ಹೀಗೆ ಜಾಗದ ಮಾತು ನಡೀತಾ ಇದ್ರೆ, ಈ ಎಪಿಸೋಡನ್ನ ಅಪ್ಪ-ಅಮ್ಮನಿಗೂ ಕೇಳಿಸಿ. ಮತ್ತೆ ಸಿಗೋಣ.