ವಿವಾದದ ಸುಳಿಯಿಂದ ಹೊರಬಾರದ 'ಏಂಜೆಲ್ ಆಫ್ ಡೆತ್'

ಅಮೆರಿಕದ ಹೆವಿ ಮೆಟಲ್ ತಂಡ ಸ್ಲೇಯರ್ 1986ರಲ್ಲಿ ಹೊರತಂದ 'ರೇನ್ ಇನ್ ಬ್ಲಡ್' ಆಲ್ಬಂನ ಮೊದಲ ಹಾಡು 'ಏಂಜೆಲ್ ಆಫ್ ಡೆತ್', ಅಂದರೆ ಸಾವಿನ ದೂತ. ಆಶ್‌ವಿಟ್ಜ್ ಶಿಬಿರದಲ್ಲಿ ಕೈದಿಗಳ ಮೇಲೆ, ಅದರಲ್ಲೂ ಅವಳಿ ಮಕ್ಕಳ ಮೇಲೆ ಕ್ರೂರ ಪ್ರಯೋಗ ನಡೆಸಿದ ನಾಜಿ ವೈದ್ಯ ಜೋಸೆಫ್ ಮೆಂಗೆಲೆಗೆ ಇದ್ದ ಅಡ್ಡಹೆಸರಿದು.

ಹಾಡು ಬರೆದ ಗಿಟಾರ್ ವಾದಕ ಜೆಫ್ ಹ್ಯಾನೆಮನ್ ಆ ಕ್ರೌರ್ಯವನ್ನು ಒಂದೊಂದಾಗಿ ಬಣ್ಣಿಸುತ್ತಾರೆ. ಕಟುಕನೆಂದು ಕರೆದರೂ ಖಂಡಿಸುವ ಗೋಜಿಗೆ ಹೋಗುವುದಿಲ್ಲ. ವಿವಾದ ಹುಟ್ಟಿದ್ದೇ ಇಲ್ಲಿ. ತಂಡಕ್ಕೆ ನಾಜಿ ಬೆಂಬಲಿಗರೆಂಬ ಹಣೆಪಟ್ಟಿ ಬಿತ್ತು. ಕೊಲಂಬಿಯಾ ಸಂಸ್ಥೆ ಆಲ್ಬಂ ವಿತರಿಸಲು ಒಪ್ಪದೆ, ಗೆಫೆನ್ ಮೂಲಕ ಅದು ಮಾರುಕಟ್ಟೆಗೆ ಬಂತು. ಮೆಂಗೆಲೆ ದುಷ್ಟನೆಂದು ಬಿಡಿಸಿ ಹೇಳಬೇಕೇ ಎಂಬುದು ಹ್ಯಾನೆಮನ್ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಪ್ರಯೋಗಗಳಿಂದ ಬದುಕುಳಿದ ಅವಳಿಗಳು ಆಗಿನ್ನೂ ಜೀವಂತವಿದ್ದರು. ಹ್ಯಾನೆಮನ್‌ಗೆ ನಾಜಿ ಪದಕ ಸಂಗ್ರಹಿಸುವ ಹವ್ಯಾಸ ಬೇರೆ!

ವಿಚಿತ್ರವೆಂದರೆ, ಜನಾಂಗದ್ವೇಷದ ವಿರುದ್ಧ ದನಿಯೆತ್ತಿದ ಕಪ್ಪುವರ್ಣೀಯರ ರ‍್ಯಾಪ್ ತಂಡ ಪಬ್ಲಿಕ್ ಎನಿಮಿಯೇ 1988ರಲ್ಲಿ ಇದರ ಗಿಟಾರ್ ತುಣುಕನ್ನು ತನ್ನ ಹಾಡಿಗೆ ಬಳಸಿಕೊಂಡಿತು. 1990ರ ಹಾಲಿವುಡ್ ಹಾಸ್ಯಚಿತ್ರ 'ಗ್ರೆಮ್ಲಿನ್ಸ್ 2'ರಲ್ಲೂ ಇದು ಕೇಳಿಸುತ್ತದೆ.

ಸ್ಲೇಯರ್ 2012ರಲ್ಲಿ ಬೆಂಗಳೂರಿನಲ್ಲೂ ಕಾರ್ಯಕ್ರಮ ನೀಡಿತ್ತು. ಅನಾರೋಗ್ಯದಿಂದ ವೇದಿಕೆಯಿಂದ ದೂರವಿದ್ದ ಹ್ಯಾನೆಮನ್ ಅದರಲ್ಲಿರಲಿಲ್ಲ, ಮರುವರ್ಷ ನಿಧನರಾದರು.